ಕತ್ತರಿಯ ಮತ

"ನೀವು ಹೇಳೋ ಬೆಲೆ ನಿಮ್ಮ ಕಂಪನಿಗಿಲ್ಲ. ಅದರಲ್ಲಿ ಅರ್ಧ ಇರ್ಬಹುದು." ಮೊದಲ ಭೇಟಿಯಲ್ಲೇ ಹೀಗೆಂದ ಮನುಷ್ಯನಿಗೆ ಅವಳು ಅಂದೇ ಹೆಸರಿಟ್ಟಳು: ಕತ್ತರಿ.

ಹೂಡಿಕೆ ಸಂಸ್ಥೆಯೊಂದರಲ್ಲಿ ಹೊಸ ಕಂಪನಿಗಳಿಗೆ ಬೆಲೆ ಕಟ್ಟುವುದು ಅವನ ಕೆಲಸ. ಅವಳ ಕಂಪನಿ ಮಾಡುತ್ತಿದ್ದುದು ಮಕ್ಕಳ ಕೃತಕ ಕೈ. ಮಗು ಬೆಳೆದಂತೆ ಉದ್ದ ಮಾಡಿಕೊಳ್ಳಬಹುದು. ಅವಳ ಅಕ್ಕ ವರ್ಕ್‌ಶಾಪಿನಲ್ಲಿ ಬೆರಳು ಜೋಡಿಸುತ್ತಿದ್ದಳು, ತಂಗಿಯಾದ ಇವಳು ಬಂಡವಾಳಕ್ಕೆ ಅಲೆಯುತ್ತಿದ್ದಳು. ಈ ಸಲವೂ ಸಿಗದಿದ್ದರೆ ವರ್ಕ್‌ಶಾಪಿಗೆ ಬೀಗ.

"ಟ್ರಯಲ್‌ಗೆ ಪುಕ್ಕಟೆ ಕೊಟ್ಟಿದ್ದನ್ನೂ ಮಾರಾಟ ಅಂತ ತೋರ್ಸಿದೀರಿ," ಎಂದ ಕತ್ತರಿ, ಮುಂದಿನ ಭೇಟಿಯಲ್ಲಿ.

"ಅವ್ರು ಆಮೇಲೆ ಕೊಂಡ್ಕೋತಾರೆ."

"ಕೊಂಡ್ಮೇಲೆ ತೋರ್ಸಿ."

"ನನ್ ಮೇಲೆ ಏನ್ರೀ ಹಗೆ ನಿಮ್ಗೆ?"

ಅವನು ಮೇಜಿನ ಮೇಲಿದ್ದ ಪುಟ್ಟ ಕೈಯ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಮಡಚಿ ಬಿಡಿಸುತ್ತಿದ್ದ. ಅವಳಿಗೆ ಮೈ ಉರಿಯಿತು. ಇಷ್ಟು ಮೃದುವಾಗಿ ಮುಟ್ಟುವವನು ಹಾಗೆ ಮಾತಾಡಬಾರದಿತ್ತು. ಅವನು ತಲೆಯೆತ್ತಿದಾಗ ಮುಖ ತಿರುಗಿಸಿದಳು, ಸ್ವಲ್ಪ ತಡವಾಗಿ.

ಕೊನೆಗೆ ಹಲ್ಲು ಕಚ್ಚಿಕೊಂಡು ಅರ್ಧ ಬೆಲೆಗೇ ಒಪ್ಪಿದಳು. ಹಣ ಹೂಡಬೇಕೋ ಬೇಡವೋ ಎಂದು ಕಂಪನಿಯವರ ಎದುರೇ ಮತ ಹಾಕುವುದು ಆ ಸಂಸ್ಥೆಯ ಪದ್ಧತಿ. ಕತ್ತರಿಯೂ ಸೇರಿ ಐವರಲ್ಲಿ ಮೂವರು ಒಪ್ಪಬೇಕು. ಇಬ್ಬರು ಕೈ ಎತ್ತಿದರು, ಇಬ್ಬರು ಎತ್ತಲಿಲ್ಲ. ಎಲ್ಲರೂ ಕತ್ತರಿಯನ್ನು ನೋಡಿದರು.

ಅವನು ಎದ್ದು ನಿಂತ. "ನಾನು ಮತ ಹಾಕೋ ಹಾಗಿಲ್ಲ. ಸ್ವಂತ ಸಂಬಂಧ ಇರೋರು ಹೊರಗಿರ್ಬೇಕು, ನಮ್ಮ ನಿಯಮ."

"ಏನ್ ಸಂಬಂಧ? ಷೇರ್ ಇದ್ಯಾ?" ಹಿರಿಯ ಪಾಲುದಾರ ಹುಬ್ಬೇರಿಸಿದ.

"ಇಲ್ಲ. ಇವ್ರಂದ್ರೆ ನಂಗಿಷ್ಟ. ಇವ್ರಿಗೆ ಗೊತ್ತಿಲ್ಲ."

ಮೂರನೆಯ ಮತ ಬೀಳಲಿಲ್ಲ. ಬಂಡವಾಳ ಕೈತಪ್ಪಿತು.

ಲಿಫ್ಟ್ ಬಳಿ ಅವಳು ಅವನನ್ನು ಅಡ್ಡಗಟ್ಟಿದಳು. "ಮತ ಹಾಕಿ ಆಮೇಲೆ ಹೇಳಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?"

"ಇಷ್ಟಪಟ್ಟೋಳಿಗೆ ದುಡ್ಡು ಕೊಡ್ಸಿದ ಅಂತಿದ್ರು. ನಿಮ್ಮ ಕೆಲ್ಸಕ್ಕೆ ಬೆಲೆನೇ ಇರ್ತಿರ್ಲಿಲ್ಲ."

"ಬಾಯಿ ಮುಚ್ಕೊಂಡೇ ಇದ್ದಿದ್ರೆ?"

"ಆಗ್ಲಿಲ್ಲ."

ಅವಳಿಗೆ ಸಿಟ್ಟು ಬಂತು, ಹಿಂದೆಯೇ ಅಳು ಬಂತು. ಈ ಮನುಷ್ಯ ತನಗೂ ಬೇಕು ಎಂದು ಗೊತ್ತಾಗಿದ್ದು ಆಗಲೇ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಲ್ಯಾಪ್‌ಟಾಪ್ ತೆಗೆದು ಅವನ ಎದೆಗೆ ಒತ್ತಿದಳು.

"ನಾಳೆ ಇನ್ನೊಂದ್ ಸಂಸ್ಥೆಗೆ ಹೋಗ್ಬೇಕು. ನನ್ ಲೆಕ್ಕದಲ್ಲಿ ಸುಳ್ಳು ಎಲ್ಲೆಲ್ಲಿದೆ ಅಂತ ನಿಮ್ಗೇ ತಾನೆ ಗೊತ್ತು, ಕೂತು ತೆಗೀರಿ."

"ಆಮೇಲೆ?"

"ಆಮೇಲೆ ವರ್ಕ್‌ಶಾಪಿಗೆ ಬನ್ನಿ. ದುಡ್ಡು ಯಾಕೆ ಬರ್ಲಿಲ್ಲ ಅಂತ ನಮ್ಮಕ್ಕಂಗೆ ನೀವೇ ಹೇಳ್ಬೇಕು. ಈಗ ಒಳಗೆ ಎಲ್ರೆದ್ರು ಹೇಳಿದ್ರಲ್ಲ, ಹಾಗೇ. ಎದ್ದು ನಿಂತು."