ಮೂರನೇ ಮಂಚದ ಚಿತ್ರೀಕರಣ

ತುರ್ತು ಚಿಕಿತ್ಸಾ ವಿಭಾಗದ ಮೂರನೇ ಮಂಚದಲ್ಲಿ, ದಮ್ಮಿನ ಕಾಯಿಲೆಯ ದರ್ಜಿ ಹೆಂಗಸು ಉಸಿರುಗಟ್ಟಿ ಸತ್ತಿದ್ದಳು. ಆಕೆ ಬಂದದ್ದು ಬೆಳಿಗ್ಗೆ ಹನ್ನೊಂದು ಐದಕ್ಕೆ. ಆಸ್ಪತ್ರೆಯ ಕುರಿತು ಟಿ.ವಿ.ಯವರು ತೆಗೆದ ಚಿತ್ರದಲ್ಲಿ ಗೋಡೆ ಗಡಿಯಾರ ಹನ್ನೊಂದು ಇಪ್ಪತ್ತು ತೋರಿಸುತ್ತಿತ್ತು. ಡಾಕ್ಟರು ಓಡಿ ಬಂದು, ದಿಂಬಿನ ಹಿಂದಿನಿಂದ ಆಕ್ಸಿಜನ್ ಮಾಸ್ಕ್ ಎಳೆದು, ಆಕೆಗೆ ತೊಡಿಸುತ್ತಿದ್ದರು. ಮಾಸ್ಕ್ ಇಲ್ಲದೆ ಕಳೆದ ಹದಿನೈದು ನಿಮಿಷದ ನಿರ್ಲಕ್ಷ್ಯದ ಆರೋಪ ಕಿರಿಯ ನರ್ಸಿನ ತಲೆಗೆ ಬಂತು.

"ಬಂದ ಕೂಡ್ಲೇ ಮಾಸ್ಕ್ ಹಾಕಿದ್ದೆ, ದೊಡ್ಡಮ್ಮ. ಔಷಧಿ ತರೋಕೆ ಕೆಳಗಿನ ಮಹಡಿಗೆ ಹೋದೆ, ಅಷ್ಟೇ" ಎಂದು ಅವಳು ಬಿಕ್ಕಿದಳು.

ದೊಡ್ಡಮ್ಮ ನಿವೃತ್ತಿಯ ನಂತರವೂ ಆಸ್ಪತ್ರೆಯ ವಸತಿಯಲ್ಲೇ ಉಳಿದಿದ್ದ ಹೆಡ್ ನರ್ಸ್. ಅಲ್ಲಿ ಯಾರು ಸುಳ್ಳು ಹೇಳಿದರೂ ಪತ್ತೆ ಹಚ್ಚುವವರು ಅವರೇ. ಚಿತ್ರವನ್ನು ಏಳು ಸಲ ನೋಡಿ, "ಎಲ್ಲರನ್ನೂ ಕರಿ" ಎಂದರು.

ಡಾಕ್ಟರು, ಕ್ಯಾಮೆರಾದವನು, ಸತ್ತವಳ ಮಗ, ಆಸ್ಪತ್ರೆಯ ಮುಖ್ಯಸ್ಥರು ಸೇರಿದರು. ನರ್ಸ್ ಬಾಗಿಲಿಗೆ ಒರಗಿ ನಿಂತಳು. ದೊಡ್ಡಮ್ಮ ಚಿತ್ರವನ್ನು ಒಂದು ಕಡೆ ನಿಲ್ಲಿಸಿ ತೋರಿಸಿದರು.

"ಮಾಸ್ಕ್ ಹಾಕೋ ಮೊದಲೇ ಈ ಮೂಗು, ಕೆನ್ನೆ ಮೇಲೆ ಮಾಸ್ಕ್ ಒತ್ತಿದ ಗೆರೆ ಇದೆ, ನೋಡಿ. ಹುಡುಗಿ ಹಾಕಿದ್ದು ನಿಜ. ಆಮೇಲೆ ಯಾರೋ ತೆಗೆದಿದ್ದಾರೆ."

"ಮಗ ನೀರು ಕುಡಿಸೋಕೆ ತೆಗ್ದಿರ್ಬೇಕು" ಎಂದರು ಡಾಕ್ಟರು.

"ಅವನು ಹೊರಗಿನ ಮೇಜಿನ ಹತ್ತಿರ ಇದ್ದ. ಚಿತ್ರೀಕರಣದ ಒಪ್ಪಿಗೆಗೆ ಸಹಿ ಹಾಕಿಸೋಕೆ ನೀವೇ ಕಳಿಸಿದ್ರಿ. ಚಿಕಿತ್ಸೆಯ ಕಾಗದ ಅಂದ್ಕೊಂಡು ಹಾಕಿದ, ಪಾಪ. ಇನ್ನು ನೀವು. ನಮ್ಮಲ್ಲಿ ಮಾಸ್ಕ್ ಗೋಡೆಯ ಕೊಕ್ಕೆಗೆ ನೇತುಹಾಕ್ತೀವಿ. ಆಗಷ್ಟೇ ಓಡಿ ಬಂದ ನೀವು ಕೊಕ್ಕೆ ಕಡೆ ತಿರುಗಲೇ ಇಲ್ಲ. ನೇರ ದಿಂಬಿನ ಹಿಂದೆ ಕೈ ಹಾಕಿದ್ರಿ. ಅಲ್ಲಿದೆ ಅಂತ ಗೊತ್ತಿದ್ದದ್ದು ಅಲ್ಲಿಟ್ಟವರಿಗೆ ಮಾತ್ರ, ಡಾಕ್ಟ್ರೇ."

ಕ್ಯಾಮೆರಾದವನು ತಲೆ ತಗ್ಗಿಸಿ ಒಪ್ಪಿಕೊಂಡ.

"ಜೀವ ಉಳಿಸೋ ದೃಶ್ಯ ಬೇಕು ಅಂದ್ರು ಡಾಕ್ಟ್ರು. ತಮ್ಮ ಮುಖ ಸರಿಯಾಗಿ ಬರಲಿಲ್ಲ ಅಂತ, ಮಾಸ್ಕ್ ಬಿಚ್ಚಿ ಬಿಚ್ಚಿ ಮೂರು ಸಲ ಚಿತ್ರ ತೆಗೆಸಿದ್ರು."

ಮುಖ್ಯಸ್ಥರು ಪೊಲೀಸರಿಗೆ ಫೋನ್ ಮಾಡಿದರು. ತನ್ನ ಮೇಲಿನ ಆರೋಪ ಕಳಚಿತೆಂದು ನರ್ಸ್ ನಿಟ್ಟುಸಿರು ಬಿಡುವಷ್ಟರಲ್ಲಿ ಮಗ ಮೊದಲ ಸಲ ಬಾಯಿ ತೆರೆದ.

"ಅಮ್ಮನಿಗೆ ಎಚ್ಚರ ಇತ್ತಾ?"

ಕ್ಯಾಮೆರಾದವನು ತಲೆ ಎತ್ತಲಿಲ್ಲ. "ಇತ್ತು. ಇದೂ ಚಿಕಿತ್ಸೆ ಅಂದ್ಕೊಂಡಿದ್ರು. ಮೂರನೇ ಸಲ ಅವರೇ ಮಾಸ್ಕ್ ಬಿಚ್ಚಿ ಡಾಕ್ಟ್ರ ಕೈಗೆ ಕೊಟ್ರು."