ಇಪ್ಪತ್ತು ನಿಮಿಷ ಮುಂದಿದ್ದ ಸರ್ವರ್

"ಕೀಬೋರ್ಡಿನಿಂದ ಕೈ ತೆಗಿ!"

ತೆಗೆಯಲಿಲ್ಲ.

ತೆಗೆಯಬೇಕಿತ್ತೋ ಏನೋ. ಹಾಗೆ ಹೇಳಿದವನ ಒಂದು ಕೈ ಆಗಲೇ ನನ್ನ ಕತ್ತಿನ ಹಿಂದಿತ್ತು. ಅಂಗೈಯೋ ಮೊರವೋ ಗೊತ್ತಾಗದಷ್ಟು ಅಗಲ! ಇನ್ನೊಂದು ಕೈ ಸರ್ವರಿನ ಪ್ಲಗ್ ಮೇಲಿತ್ತು.

"ಅಣ್ಣಾ... ಅದೊಂದು ಎಳೀಬೇಡಿ. ಹನ್ನೊಂದು ದಿನದಿಂದ ಸಾಯ್ತಿರೋ ಸರ್ವರ್. ಹನ್ನೆರಡನೇ ಸಾವು ನಿಮ್ಮ ಹೆಸರಿಗೆ ಬರತ್ತೆ!"

ಪ್ಲಗ್ ಮೇಲಿನ ಕೈ ಸಡಿಲವಾಯಿತು. ಕತ್ತಿನ ಮೇಲಿನದು ಆಗಲಿಲ್ಲ.

ಅವನನ್ನು ಗೋದಾಮಿನವರೆಲ್ಲ ಬೆನ್ನ ಹಿಂದೆ ಗೂಳಿ ಅನ್ನುತ್ತಾರೆ. ಅಲ್ಲಿನ ಸೆಕ್ಯುರಿಟಿ ಮುಖ್ಯಸ್ಥ. ಯಜಮಾನರ ಅಕ್ಕನ ಮಗ ಬೇರೆ.

"ಇವನನ್ನ ಒಳಗೆ ಬಿಟ್ಟಿದ್ದು ಯಾರು?"

"ನಾನೇ..." ಅಂದರು ನಮ್ಮ ಭಾವ, ಮೂಲೆಯಿಂದ. ಸರ್ವರಿನ ಫ್ಯಾನೇ ಅವರಿಗಿಂತ ಜೋರಾಗಿ ಮಾತಾಡುತ್ತಿತ್ತು. "ನನ್ನ ಹೆಂಡತಿ ತಮ್ಮ. ಮೂರು ಗಂಟೆವರೆಗೆ ನೋಡಲಿ ಅಂತ ಯಜಮಾನ್ರೇ ಹೇಳಿದ್ದಾರೆ."

"ಆಹಾ! ಕಳ್ಳನಿಗೆ ಜಾಮೀನು ಕಳ್ಳನ ಭಾಮೈದ!"

ಕೈ ಬಿಟ್ಟ. ಬಾಗಿಲಲ್ಲಿ ನಿಂತ.

"ಒಂದೂ ಹತ್ತಕ್ಕೆ ರೂಮ್ ಖಾಲಿಯಾಗಬೇಕು. ಊಟದ ಹೊತ್ತಲ್ಲಿ ಇಲ್ಲಿ ಒಂದು ನೊಣಾನೂ ಇರಬಾರದು. ಆರ್ಡರ್!"

ನನ್ನ ಫೋನಿನಲ್ಲಿ ಗಂಟೆ ಹನ್ನೆರಡೂ ನಲವತ್ತು.

ನಾನು ಯಾರು ಅಂತ ಹೇಳಿಬಿಡುತ್ತೇನೆ, ಕೇಳಿ. ಕೆಟ್ಟ ಸರ್ವರುಗಳನ್ನು ಎಬ್ಬಿಸುವುದು ನನ್ನ ಕಸುಬು. ಕಾಲೇಜು ಕಂಡವನಲ್ಲ. ಹಗಲು ಪ್ರಿಂಟರ್ ರಿಪೇರಿ ಮಾಡಿ, ಸಂಜೆ ತರಗತಿಯಲ್ಲಿ ಲಿನಕ್ಸ್ ಕಲಿತವನು. ಪ್ರತಿ ಕಮಾಂಡನ್ನೂ ಮೂರು ಸಲ ಓದಿ ಎಂಟರ್ ಒತ್ತುತ್ತೇನೆ. ಒತ್ತಿದ ಮೇಲೆ ನಾಲ್ಕನೇ ಸಲ ಓದುತ್ತೇನೆ.

ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ದಳು.

"ಲೋ, ಇವರು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಕಣೋ. ಇವತ್ತು ಮೂರಕ್ಕೆ ಕೆಲಸದಿಂದ ತೆಗೀತಾರಂತೆ. ಪೊಲೀಸ್ ಕಂಪ್ಲೇಂಟ್ ಬೇರೆ ಬರೆದಿಟ್ಟಿದ್ದಾರಂತೆ! ಇವರೇ ಬೇಕೂಂತ ಸರ್ವರ್ ಕೆಡಿಸ್ತಿದ್ದಾರಂತೆ... ಇವರು! ಇರುವೆ ಕಚ್ಚಿದ್ರೆ ಇರುವೆಗೇ ಸಾರಿ ಅನ್ನೋ ಮನುಷ್ಯ!"

ಭಾವ ಔಷಧಿ ಗೋದಾಮೊಂದರಲ್ಲಿ ಸರ್ವರ್ ನೋಡಿಕೊಳ್ಳುತ್ತಾರೆ. ಹದಿನಾಲ್ಕು ವರ್ಷದಿಂದ. ಶೀತಲ ಕೋಣೆಯ ಔಷಧಿ ಎಷ್ಟು ತಣ್ಣಗಿದೆ ಅಂತ ನಿಮಿಷ ನಿಮಿಷಕ್ಕೂ ಬರೆದಿಡುವುದು ಆ ಸರ್ವರ್. ಅದು ಸತ್ತರೆ ದಾಖಲೆ ಇಲ್ಲ. ದಾಖಲೆ ಇಲ್ಲದ ಔಷಧಿಯನ್ನು ಯಾವ ಆಸ್ಪತ್ರೆಯೂ ಮುಟ್ಟುವುದಿಲ್ಲ.

ದಿನಾ ಮಧ್ಯಾಹ್ನ ಅದು ಸಾಯುತ್ತಿತ್ತು. ಅದರ ಕೊನೆಯ ದಾಖಲೆ ದಿನಾ ಎರಡೂ ಹತ್ತರ ಆಸುಪಾಸು. ಸರ್ವರ್ ಕೋಣೆಯ ಬಾಗಿಲ ರಿಜಿಸ್ಟರಿನಲ್ಲಿ ಭಾವ ಊಟ ಮುಗಿಸಿ ಒಳಗೆ ಬಂದದ್ದು ದಿನಾ ಎರಡೂ ಐದಕ್ಕೆ.

ಇವರು ಬಂದ ಐದೇ ನಿಮಿಷಕ್ಕೆ ಅದು ಸಾಯುತ್ತದೆ! ಅವರಿಗೆ ಇನ್ನೇನು ಸಾಕ್ಷಿ ಬೇಕು?

"ಭಾವ, ನಿಜ ಹೇಳಿ. ನೀವು ಬಂದು ಏನು ಮಾಡ್ತೀರಿ?"

"ನಾನು ಬರೋ ಹೊತ್ತಿಗೇ ಅದು ಸತ್ತಿರತ್ತೆ ಮಾರಾಯ! ಎ.ಸಿ.ಯೂ ಆಫ್ ಆಗಿರತ್ತೆ. ಆನ್ ಮಾಡ್ತೀನಿ. ಸ್ವಲ್ಪ ತಣ್ಣಗಾದ ಮೇಲೆ ಇದನ್ನ ಎಬ್ಬಿಸ್ತೀನಿ. ಎ.ಸಿ. ಟ್ರಿಪ್ ಆಗ್ತಿದೆ ಅಂತ ಐದು ಸಲ ಬರೆದುಕೊಟ್ಟೆ. ಎಲೆಕ್ಟ್ರಿಷಿಯನ್ ಬಂದು ನೋಡಿ, ಏನೂ ಆಗಿಲ್ಲ ಅಂದ."

ಬಾಯಿ ಮಾತು. ಬಾಯಿ ಮಾತಿಗೆ ಬೆಲೆ ಇಲ್ಲ. ಗೆರೆ ಬೇಕಿತ್ತು ನನಗೆ. ಪರದೆಯ ಮೇಲೆ ಏರಿ ಇಳಿಯುವ ಗೆರೆ!

ಸಾಮಾನು ಎಲ್ಲ ಪುಕ್ಕಟೆ ಸಿಗುವಂಥದ್ದು. ನೋಡ್ ಎಕ್ಸ್‌ಪೋರ್ಟರ್... ಅದು ಸರ್ವರಿನ ನಾಡಿ ಹಿಡಿದು ಕೂರುತ್ತದೆ. ಪ್ರೊಮಿಥಿಯಸ್... ಅದು ಹದಿನೈದು ಸೆಕೆಂಡಿಗೊಮ್ಮೆ ಬಂದು 'ಹೇಗಿದ್ದೀಯಾ?' ಅಂತ ಕೇಳಿ ಬರೆದಿಡುತ್ತದೆ. ಗ್ರಫಾನಾ... ಬರೆದಿಟ್ಟದ್ದನ್ನು ಗೆರೆ ಮಾಡಿ ತೋರಿಸುತ್ತದೆ. ಮೊದಲ ಎರಡನ್ನೂ ಸರ್ವರಿಗೆ ಹಾಕಿದ್ದೆ. ಗ್ರಫಾನಾ ನನ್ನ ಲ್ಯಾಪ್‌ಟಾಪಿನಲ್ಲಿತ್ತು.

ತೆರೆದೆ.

ಖಾಲಿ!

ಹನ್ನೆರಡು ಚೌಕಗಳು. ಹನ್ನೆರಡರಲ್ಲೂ ಒಂದೇ ಮಾತು... ನೋ ಡೇಟಾ.

ಸೆಟ್ಟಿಂಗ್ ಬರೆದಿಡುವ ಯಾಮಲ್ ಫೈಲಿನಲ್ಲಿ ಸ್ಪೇಸ್ ತಪ್ಪಿದೆಯೇ? ಒಂದು ಸ್ಪೇಸ್ ಹೆಚ್ಚಾದರೂ ಸಿಟ್ಟಾಗುವ ಫೈಲ್ ಅದು. ಬೆರಳಿಟ್ಟು ಎಣಿಸಿದೆ. ಸರಿ ಇತ್ತು. ಫೈರ್‌ವಾಲ್? ಅದು ಯಾರನ್ನೂ ತಡೆದಿರಲಿಲ್ಲ, ಡೇಟಾ ಬರುವ ಪೋರ್ಟ್ ತೆರೆದಿತ್ತು. ಸರ್ವೀಸ್? ಓಡುತ್ತಿತ್ತು. ರೀಸ್ಟಾರ್ಟ್ ಮಾಡಿದೆ.

ನೋ ಡೇಟಾ.

ಮತ್ತೆ ಮಾಡಿದೆ.

ನೋ ಡೇಟಾ!

ಮೇಜಿಗೆ ಗುದ್ದಿದೆ. ಕೈ ನೋಯಿತು. ಡೇಟಾ ಬರಲಿಲ್ಲ.

"ಎಲ್ಲಾ ಸರಿ ಇದೆ ಅಂತೀಯ... ಮತ್ತೆ ಯಾಕೋ ಬರ್ತಿಲ್ಲ?" ಭಾವ ಮೆಲ್ಲಗೆ ಕೇಳಿದರು.

"ಗೊತ್ತಿದ್ರೆ ಇಲ್ಲಿ ಕೂತು ತಲೆ ಚಚ್ಚಿಕೊಳ್ತಿದ್ನಾ ಭಾವ?"

ತಕ್ಷಣ ಬೇಜಾರಾಯಿತು. ಬೈಯುವುದಕ್ಕೂ ಯೋಗ್ಯತೆ ಬೇಕಲ್ಲ? ಸಂಜೆ ತರಗತಿಯ ಸರ್ಟಿಫಿಕೇಟ್ ಹಿಡಿದು ಒಬ್ಬ ಮನುಷ್ಯನ ಮಾನ ಉಳಿಸಲು ಬಂದಿದ್ದೇನೆ... ನನಗಿಂತ ತಿಳಿದವರನ್ನು ಅಕ್ಕ ಕರೆಯಬಾರದಿತ್ತೇ?

ಒಂದೂ ಎರಡು. ಎಂಟೇ ನಿಮಿಷ!

ಬೇರೇನೂ ತೋಚದೆ ಸರ್ವರಿನಲ್ಲಿ ಗಂಟೆ ಕೇಳುವ ಡೇಟ್ ಕಮಾಂಡ್ ಟೈಪ್ ಮಾಡಿದೆ. ಸುಮ್ಮನೆ.

ಸರ್ವರ್ ಹೇಳಿತು... ಒಂದೂ ಇಪ್ಪತ್ತೆರಡು.

ಫೋನ್ ನೋಡಿದೆ. ಒಂದೂ ಎರಡು.

ಮತ್ತೆ ಸರ್ವರ್. ಒಂದೂ ಇಪ್ಪತ್ತೆರಡು!

"ಭಾವ! ಇದರ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ!"

"ಅದಾ? ಅದು ಯಜಮಾನ್ರ ಆರ್ಡರ್. ಹಾಜರಿ ಇದರಲ್ಲೇ ಬೀಳೋದಲ್ವಾ... ಜನ ಬೇಗ ಬರ್ಲಿ ಅಂತ ಮೂರು ವರ್ಷದಿಂದ ಹಾಗೇ ಇಟ್ಟಿದ್ದೀವಿ. ಗೋಡೆ ಗಡಿಯಾರಾನೂ ಅಷ್ಟೇ ಮುಂದೆ. ಎಲ್ಲರಿಗೂ ಗೊತ್ತು."

"ಸಂಜೆ ಇಪ್ಪತ್ತು ನಿಮಿಷ ಬೇಗ ಬಿಡ್ತಾರಾ?"

"ಛೇ! ಸಂಜೆ ಯಜಮಾನ್ರ ಕೈಗಡಿಯಾರ ಲೆಕ್ಕ."

ನಗಬೇಕೋ ಅಳಬೇಕೋ! ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಒಬ್ಬರಿಗೂ ನೆನಪಿರಲಿಲ್ಲ.

ಪ್ರೊಮಿಥಿಯಸ್ ಬರೆದದ್ದೆಲ್ಲ ಇಪ್ಪತ್ತು ನಿಮಿಷ ಮುಂದಿನ ಹೊತ್ತಿಗೆ. ನನ್ನ ಲ್ಯಾಪ್‌ಟಾಪ್ ಕೇಳುತ್ತಿದ್ದದ್ದು ಈಗಿನ ಹೊತ್ತನ್ನು. ಇನ್ನೂ ಬಾರದ ಹೊತ್ತಿನ ಲೆಕ್ಕ ಯಾರು ತೋರಿಸುತ್ತಾರೆ? ಅದಕ್ಕೇ ಖಾಲಿ!

ಹಾಗಾದರೆ... ಸರ್ವರ್ ಸಾಯುತ್ತಿದ್ದ ಎರಡೂ ಹತ್ತು ಕೂಡ ಸುಳ್ಳು! ನಿಜವಾಗಿ ಒಂದೂ ಐವತ್ತು. ಭಾವ ಬರುವುದಕ್ಕೆ ಹದಿನೈದು ನಿಮಿಷ ಮೊದಲು!

ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡಿದ್ದ ವಾಚ್‌ಮನ್ ತಾತನ ಹತ್ತಿರ ಓಡಿದೆ.

"ತಾತ, ರಿಜಿಸ್ಟರಿಗೆ ಟೈಮ್ ಯಾವ ಗಡಿಯಾರ ನೋಡಿ ಬರೀತೀರಿ?"

"ನನ್ನ ವಾಚಪ್ಪ." ಕೈ ಎತ್ತಿ ತೋರಿಸಿದ. ನನ್ನ ಫೋನಿಗೆ ಸರಿಯಾಗಿತ್ತು. "ಗೋಡೆ ಗಡಿಯಾರ ನಂಬಿದ್ರೆ ನನ್ನ ಬಸ್ಸಿನ ಲೆಕ್ಕವೆಲ್ಲ ತಪ್ಪತ್ತೆ."

ಒಳಗೆ ಓಡಿ ಬಂದೆ. ಇನ್ನೊಂದು ದಡ್ಡತನ ಆಗ ಕಣ್ಣಿಗೆ ಬಿತ್ತು. ಸರ್ವರನ್ನು ಕಾಯುವ ಪ್ರೊಮಿಥಿಯಸನ್ನು ಅದೇ ಸರ್ವರಿನೊಳಗೆ ಕೂರಿಸಿದ್ದೆ! ಬೆಂಕಿ ಬಿದ್ದರೆ ಕೂಗು ಅಂತ ಕಾವಲಿನವನನ್ನು ಒಳಗಿಟ್ಟು ಹೊರಗಿಂದ ಬೀಗ ಹಾಕಿದ ಹಾಗೆ. ಸರ್ವರ್ ಸತ್ತರೆ ಅದೂ ಸಾಯುತ್ತದೆ. ಅದನ್ನು ಅಲ್ಲಿಂದ ಕಿತ್ತೆ. ನನ್ನ ಲ್ಯಾಪ್‌ಟಾಪಿಗೆ ಹಾಕಿದೆ. ಸರಿಯಾದ ಗಡಿಯಾರ ಇರುವ ಕಡೆಗೆ!

ಹದಿನೈದು ಸೆಕೆಂಡ್.

ಮೂವತ್ತು.

ಒಂದು ಹಸಿರು ಚುಕ್ಕೆ... ಎರಡು... ಗೆರೆ!

"ಬಂತು ಭಾವ! ಬಂತು!"

"ಒಂದೂ ಹತ್ತು," ಅಂದ ಗೂಳಿ, ಬಾಗಿಲಿಂದ. "ಹೊರಗೆ!"

ಹೊರಟೆವು. ಭಾವನನ್ನು ಕ್ಯಾಂಟೀನಿಗೆ ಕಳಿಸಿದೆ. "ನಾಲ್ಕು ಜನರ ಮಧ್ಯೆ ಕೂತ್ಕೊಳ್ಳಿ. ಎರಡೂ ಐದರವರೆಗೆ ಏಳಬೇಡಿ. ಸಾಕ್ಷಿ ಬೇಕು!"

ನಾನು ಪ್ಯಾಕಿಂಗ್ ವಿಭಾಗದಲ್ಲಿ ರಟ್ಟಿನ ಪೆಟ್ಟಿಗೆಗಳ ಹಿಂದೆ ಕೂತೆ. ಗೋಡೆಯ ನೆಟ್‌ವರ್ಕ್ ಪಾಯಿಂಟಿಗೆ ಕೇಬಲ್ ಚುಚ್ಚಿದೆ. ಲ್ಯಾಪ್‌ಟಾಪ್ ತೊಡೆಯ ಮೇಲೆ.

ಒಂದೂ ಹದಿನೈದು. ಸರ್ವರಿನ ಬಿಸಿ ನಲವತ್ತೊಂದು ಡಿಗ್ರಿ. ಮಟ್ಟಸ ಗೆರೆ.

ಒಂದೂ ಹದಿನೇಳು. ನಲವತ್ಮೂರು.

ಒಂದೂ ಇಪ್ಪತ್ತೈದು. ಐವತ್ತೆಂಟು!

ಸರ್ವರಿಗೆ ಕೆಲಸ ಹೆಚ್ಚಾಯಿತೇ ಅಂತ ಪಕ್ಕದ ಚೌಕ ನೋಡಿದೆ. ಇಲ್ಲ. ಕೆಲಸದ ಗೆರೆ ತೆಪ್ಪಗೆ ಮಲಗಿತ್ತು. ಕೆಲಸ ಇಲ್ಲ, ಬಿಸಿ ಮಾತ್ರ ಏರುತ್ತಿದೆ. ಅಂದರೆ ಕೋಣೆಯೇ ಕಾಯುತ್ತಿದೆ. ಬಚ್ಚಲಿನಷ್ಟು ಕೋಣೆ, ಒಂದೇ ಬಾಗಿಲು, ಕಿಟಕಿ ಇಲ್ಲ...

ಯಾರೋ ಎ.ಸಿ. ಆರಿಸಿದ್ದಾರೆ!

ಎದ್ದೆ. ಹೋಗಿ ಹಿಡಿಯಬೇಕು!

"ಎಲ್ಲಿಗೆ?"

ಪೆಟ್ಟಿಗೆಗಳ ಆಚೆ ಗೂಳಿ. ಕಣ್ಣು ನನ್ನ ಕೇಬಲ್ ಮೇಲೆ.

"ಕಂಪನಿ ನೆಟ್‌ವರ್ಕಿಗೆ ವೈರ್ ಚುಚ್ಚಿದ್ದೀಯಾ? ಈ ಡಬ್ಬ ಕೊಡು!"

"ಸರ್ವರ್ ರೂಮಿನಲ್ಲಿ ಯಾರೋ ಇದ್ದಾರೆ! ಈಗ, ಇದೇ ಕ್ಷಣ! ಬನ್ನಿ ನೋಡೋಣ!"

"ಊಟದ ಹೊತ್ತಲ್ಲಿ ಆ ಬಾಗಿಲ ಹತ್ತಿರ ನಾನೇ ಹೋಗಲ್ಲ. ನಿನ್ನನ್ನ ಬಿಡ್ತೀನಾ? ಕೊಡೋ!"

ಕೈ ಹಾಕಿದ. ಕೇಬಲ್ ಕಿತ್ತು ಬಂತು. ನಾನು ಓಡಿದೆ!

ಸಾಲು ಸಾಲು ಕಪಾಟು. ಎದುರಿಗೆ ಫೋರ್ಕ್‌ಲಿಫ್ಟ್! ಪಕ್ಕಕ್ಕೆ ಹಾರಿದೆ. ಡ್ರೈವರ್ ನನ್ನ ವಂಶವನ್ನೆಲ್ಲ ನೆನೆದ. ಹಿಂದೆ ಬೂಟಿನ ಸದ್ದು... ದಡ್ ದಡ್ ದಡ್! ಶೀತಲ ಕೋಣೆಯ ಪ್ಲಾಸ್ಟಿಕ್ ಪರದೆ ಸೀಳಿಕೊಂಡು ನುಗ್ಗಿದೆ. ಒಳಗೆ ಇನ್ನೊಂದು ನೆಟ್‌ವರ್ಕ್ ಪಾಯಿಂಟ್. ಕೇಬಲ್ ಚುಚ್ಚಿದೆ.

ಗೆರೆಯಲ್ಲಿ ಒಂದಿಷ್ಟು ಖಾಲಿ ಜಾಗ. ಆಮೇಲೆ ಮತ್ತೆ ಗೆರೆ. ಎಪ್ಪತ್ತೊಂಬತ್ತು!

ಒಳಗೆ ಬಂದ ಗೂಳಿ ಬಾಗಿಲು ಎಳೆದುಕೊಂಡ.

"ಇನ್ನೆಲ್ಲಿಗೆ ಓಡ್ತೀಯೋ ಮರಿ?"

"ಓಡಲ್ಲ. ಒಂದೂ ಐವತ್ತರವರೆಗೆ ನೀವೂ ನನ್ನ ಜೊತೆ ಇದನ್ನ ನೋಡಿ. ಆಮೇಲೆ ಬೇಕಾದ್ರೆ ಹೊಡೀರಿ."

"ಈಗಲೇ ಹೊಡೆದ್ರೆ?"

"ನೋಡೋಕೆ ಆಗಲ್ಲ."

ಏನನ್ನಿಸಿತೋ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಇಬ್ಬರ ಬಾಯಿಂದಲೂ ಹೊಗೆ. ಎಂಬತ್ತೆಂಟು. ತೊಂಬತ್ತಾರು. ಒಂದೂ ಐವತ್ತೊಂದಕ್ಕೆ ಗೆರೆ ತುಂಡಾಯಿತು. ಚೌಕ ಕೆಂಪಗಾಯಿತು.

ಸರ್ವರ್ ಸತ್ತಿತ್ತು. ಹನ್ನೆರಡನೇ ಸಲ.

"ನಿನ್ನ ಭಾವ ಎಲ್ಲಿ?" ಗೂಳಿಯ ದನಿ ಇಳಿದಿತ್ತು.

"ಕ್ಯಾಂಟೀನಲ್ಲಿ. ಫೋನ್ ಮಾಡಿ ಕೇಳಿ."

ಮಾಡಿದ. ಕೇಳಿದ. ಎದ್ದು ಬಾಗಿಲು ತೆರೆದ.

ಮೂರು ಗಂಟೆಗೆ ಯಜಮಾನರ ಕೋಣೆ. ದಪ್ಪ ಮೇಜು. ಅದರ ಮೇಲೆ ಟೈಪ್ ಮಾಡಿದ ಕಂಪ್ಲೇಂಟ್, ಸಹಿಯೊಂದೇ ಬಾಕಿ. ಎದುರಿಗೆ ಭಾವ, ಸ್ಕೂಲಿನಲ್ಲಿ ಏಟು ತಿನ್ನಲು ನಿಂತ ಹಾಗೆ. ಬಾಗಿಲ ಹತ್ತಿರ ಗೂಳಿ, ವಾಚ್‌ಮನ್ ತಾತ.

ಲ್ಯಾಪ್‌ಟಾಪ್ ತಿರುಗಿಸಿಟ್ಟೆ. ಗಡಿಯಾರದ ವಿಷಯ ಹೇಳಿದೆ. ಗೆರೆ ತೋರಿಸಿದೆ. ಒಂದೊಂದು ಅಂಕಿಯನ್ನೂ ಮೂರು ಸಲ ಓದಿದೆ.

"ಒಂದೂ ಹದಿನೇಳಕ್ಕೆ ಯಾರೋ ಎ.ಸಿ. ಆರಿಸಿದ್ದಾರೆ ಸಾರ್. ಒಂದೂ ಐವತ್ತೊಂದಕ್ಕೆ ಬಿಸಿ ತಡೀದೆ ಸರ್ವರ್ ತಾನೇ ಆಫ್ ಆಗಿದೆ. ಆಗ ನಮ್ಮ ಭಾವ ಆರು ಜನರ ಮಧ್ಯೆ ಕೂತಿದ್ರು."

"ಹೌದು ಮಾಮ," ಅಂದ ಗೂಳಿ. "ನಾನೂ ನೋಡಿದೆ."

ಯಜಮಾನರು ಗೆರೆಯನ್ನೇ ನೋಡುತ್ತಿದ್ದರು.

"ತಾತ," ಅಂದೆ. "ಒಂದೂ ಹತ್ತರಿಂದ ಎರಡೂ ಐದರವರೆಗೆ ರಿಜಿಸ್ಟರಿನಲ್ಲಿ ಯಾರ ಹೆಸರಿದೆ?"

"ಯಾರದ್ದೂ ಇಲ್ಲಪ್ಪ."

"ಯಾರೂ ಒಳಗೆ ಹೋಗ್ಲಿಲ್ವಾ?"

"ಇಲ್ಲ. ಯಾರೂ ಹೋಗ್ಲಿಲ್ಲ." ತಾತ ತಲೆ ಕೆರೆದುಕೊಂಡ. "ಯಜಮಾನ್ರು ಹೋಗಿದ್ರು, ಅಷ್ಟೇ."

ಗೋಡೆ ಗಡಿಯಾರದ ಸದ್ದು ಕೇಳಿಸಿತು. ಇಪ್ಪತ್ತು ನಿಮಿಷ ಮುಂದಿನ ಸದ್ದು.

"ಮತ್ತೆ ಯಾಕೆ ಬರೀಲಿಲ್ಲ?"

"ಚೆನ್ನಾಗಿ ಕೇಳ್ದೆ! ಅವರ ಮನೆಗೆ ಅವರು ಬಂದ್ರೆ ರಿಜಿಸ್ಟರಿಗೆ ಬರೀತಾರಾ? ಈಗ ಹತ್ತು-ಹನ್ನೆರಡು ದಿನದಿಂದ ದಿನಾ ಹೋಗ್ತಾರೆ, ಅರ್ಧ ಗಂಟೆ ಮಲಗಿ ಬರ್ತಾರೆ. ಪಾಪ, ಬೇರೆಲ್ಲೂ ಈ ಫೋನುಗಳು ಬಿಡಲ್ಲ."

ಯಜಮಾನರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು.

"ಆ ತಣ್ಣನೆ ಗಾಳಿಗೆ ಕತ್ತು ಹಿಡಿಯತ್ತೆ ನನಗೆ," ಅಂದರು, ಯಾರಿಗೂ ಅಲ್ಲದ ಹಾಗೆ. "ಆಫ್ ಮಾಡಿ ಒರಗ್ತೀನಿ. ಅಲಾರಂ ಬೇಕಾಗೇ ಇಲ್ಲ... ಸೆಕೆಗೆ ಸರಿಯಾಗಿ ಅರ್ಧ ಗಂಟೆಗೆ ಎಚ್ಚರ ಆಗತ್ತೆ. ಆನ್ ಮಾಡೋದು... ಮರೆತಿರಬೇಕು."

ಹನ್ನೆರಡು ದಿನ! ಹನ್ನೆರಡು ದಿನ ಒಬ್ಬ ಮನುಷ್ಯನ ಊಟ, ನಿದ್ದೆ, ಮಾನ... ಬಾಯಿಗೆ ಬಂದದ್ದನ್ನು ನುಂಗಿದೆ. ಭಾವ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದರು.

ಯಜಮಾನರು ಕಂಪ್ಲೇಂಟನ್ನು ನಿಧಾನವಾಗಿ ನಾಲ್ಕು ತುಂಡು ಮಾಡಿದರು. ಕ್ಷಮೆ ಕೇಳಲಿಲ್ಲ. ದೊಡ್ಡ ಮೇಜುಗಳ ಹಿಂದೆ ಆ ಪದ ಸಿಗುವುದಿಲ್ಲ.

"ನೀನು ಕೆಲಸಕ್ಕೆ ಹೋಗಪ್ಪ," ಅಂದರು ಭಾವನಿಗೆ.

"ಗಡಿಯಾರ ಸರಿ ಮಾಡ್ಲಾ ಸಾರ್?" ಅಂತ ನಾನು ಕೇಳಿದೆ.

"ಗಡಿಯಾರ ಹಾಗೇ ಇರ್ಲಿ. ಈ ಗೆರೆ ಇದೆಯಲ್ಲ... ಒಂದರಿಂದ ಎರಡರವರೆಗೆ ಕಾಣಿಸದ ಹಾಗೆ ಮಾಡೋಕಾಗತ್ತಾ?"

"ಆಗಲ್ಲ ಸಾರ್."

ಆಗುತ್ತದೆ. ಮೂರು ಕ್ಲಿಕ್ ಸಾಕು. ಜೀವನದಲ್ಲಿ ಮೊದಲ ಸಲ ಮೂರು ಸಲ ಯೋಚಿಸದೆ ಸುಳ್ಳು ಹೇಳಿದೆ.

"ಸರಿ ಹಾಗಾದ್ರೆ. ನಾಳೆಯಿಂದ ಎ.ಸಿ. ಆರಿಸಲ್ಲ." ಭಾವನ ಕಡೆ ತಿರುಗಿದರು. ಕತ್ತು ಸವರಿಕೊಂಡರು. ಏನೋ ಹೇಳಿದರು. ಭಾವ ತಕ್ಷಣ, ಸಂತೋಷವಾಗಿ, ತಲೆಯಾಡಿಸಿದರು.

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಏನಾಯ್ತೋ? ಬೇಗ ಹೇಳೋ!"

"ಕೆಲಸ ಉಳೀತು. ಕಂಪ್ಲೇಂಟ್ ಹರಿದು ಹಾಕಿದ್ರು."

ಅತ್ತಳು. ಅಳಲು ಬಿಟ್ಟೆ.

"ನಿಜ ಎಷ್ಟು ದಿನಾಂತ ಮುಚ್ಚಿಕೊಂಡಿರತ್ತೆ ಹೇಳು?" ಅಂದಳು, ಮೂಗೊರೆಸಿಕೊಂಡು.

"ಅದಿರ್ಲಿ ಅಕ್ಕ. ನಿಮ್ಮನೆ ದಪ್ಪ ರಗ್ಗು ಇದೆಯಲ್ಲ, ಅದನ್ನ ತೆಗೆದು ಬಿಸಿಲಿಗೆ ಹಾಕು. ನಾಳೆಯಿಂದ ಭಾವ ಅದನ್ನ ಯಜಮಾನ್ರ ಮಧ್ಯಾಹ್ನದ ನಿದ್ದೆಗೆ ಅಂತ ಆಫೀಸಿಗೆ ಒಯ್ಯಬೇಕಂತೆ... ಸತ್ಯ ಗೆದ್ದಿದೆ, ಆದ್ರೆ ಅದಕ್ಕೆ ಚಳಿಯಂತೆ!"