ಕದಿರು ಬೇಡಿದ ದಂಡನಾಯಕ

ಶರದೃತುವಿನ ಹುಣ್ಣಿಮೆಯ ಮುಂಜಾವು. ಶಾಲಿಪುರದ ಹೆಬ್ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ರಾಜಬೀದಿಯ ಇಕ್ಕೆಲದಲ್ಲಿ ಸಾರಿಸಿದ ಅಂಗಳಗಳ ತುಂಬ ರಂಗವಲ್ಲಿ, ಸೇವಂತಿಗೆ. ಹೊಸ ಮೊರ ಹಿಡಿದ ಮುತ್ತೈದೆಯರು ಹೊಸ್ತಿಲಲ್ಲಿ ನಿಂತು ಕದಿರು ಬರುವುದನ್ನೇ ಕಾಯುತ್ತಿದ್ದರು. ಆದರೂ ಆ ವರ್ಷದ ಹೊಸತೆನೆಯ ಹಬ್ಬಕ್ಕೆ ಏನೋ ಮಂಕು ಕವಿದಂತಿತ್ತು. ಪಡುವಣದ ಆಗಸದಲ್ಲಿ ಕಾಲವಲ್ಲದ ಕಾಲದ ಕರಿಮೋಡ ನಿಂತಿತ್ತು. ಮಾಗಿದ ಗದ್ದೆಯ ಮೇಲೆ ಹದ್ದುಗಳು ಸದ್ದಿಲ್ಲದೆ ಸುತ್ತುತ್ತಿದ್ದವು.

ಈ ಹಬ್ಬಕ್ಕೊಂದು ಪೂರ್ವಕಥೆಯುಂಟು. ಶತ್ರುಗಳು ಕಣಜಗಳನ್ನು ಸುಟ್ಟು ಹಿಮ್ಮೆಟ್ಟಿದ ವರ್ಷ, ಹಸಿದ ಪ್ರಜೆಗಳಿಗಾಗಿ ರಾಜವಂಶದ ಮೂಲಪುರುಷನು ಕಿರೀಟ, ಖಡ್ಗ, ಪಾದುಕೆಗಳನ್ನು ಬದುವಿನ ಮೇಲಿಟ್ಟು, ಬರಿಗಾಲಲ್ಲಿ ಗದ್ದೆಗಿಳಿದು, ಒಕ್ಕಲಿಗರೆದುರು ಉತ್ತರೀಯವೊಡ್ಡಿ ಹಿಡಿ ಕದಿರು ಬೇಡಿದನಂತೆ. ಅಂದಿನಿಂದ ಈ ದಿನ ಅರಸನು ನಿರಾಯುಧನಾಗಿ ಒಬ್ಬನೇ ಗದ್ದೆಗಿಳಿಯಬೇಕು; ಒಕ್ಕಲಿಗರೊಡನೆ ನಿಂತು ಮೊದಲ ಹಿಡಿ ಕೊಯ್ಯಬೇಕು; ಬರಿಗೈಯಲ್ಲಿ ಬಂದು ಬೇಡಿದವರಿಗೆ ಕೈಯಾರೆ ಕದಿರು ಕೊಡಬೇಕು. ಖಡ್ಗ ಧರಿಸಿ ಬದು ದಾಟಿದವನಿಗೆ ಮರಣವೇ ದಂಡನೆ.

ಅಂಗರಕ್ಷಕರ ದಂಡನಾಯಕ ಕೇತಮಲ್ಲನು ಬದುವಿನಾಚೆ ನಿಂತು, ಪೈರಿನ ನಡುವೆ ನಡೆದುಹೋಗುತ್ತಿದ್ದ ತರುಣ ಅರಸ ಜಯಂಧರನನ್ನೇ ನೋಡುತ್ತಿದ್ದನು. ಅವನ ಎದೆಯಲ್ಲಿ ಸಮಾಧಾನವಿರಲಿಲ್ಲ. ಬದುವಿನ ಕಾವಲಿಗೆ ತನ್ನ ಭಟರ ಬದಲು ಮಹಾಪ್ರಧಾನರ ಭಟರು ಬಂದು ನಿಂತಿದ್ದರು. ಮಹಾಪ್ರಧಾನ ಬಾಚಿರಾಜನು ಅವನ ಒಡಹುಟ್ಟಿದ ಅಣ್ಣ. ಅರಸನು ಬಾಲಕನಾಗಿದ್ದಷ್ಟು ಕಾಲವೂ ರಾಜ್ಯದ ಸೂತ್ರ ಹಿಡಿದಿದ್ದವನು. ಅರಸನು ಪ್ರಾಪ್ತವಯಸ್ಕನಾಗಿ ಮುದ್ರೆಯುಂಗುರವನ್ನು ಮರಳಿ ಪಡೆದಂದಿನಿಂದ ಅಣ್ಣನ ಮಾತು ಕಡಿಮೆಯಾಗಿತ್ತು, ನಗೆ ಹೆಚ್ಚಾಗಿತ್ತು.

ಅಷ್ಟರಲ್ಲಿ ಪಲ್ಲಕ್ಕಿಯೊಂದು ಅವಸರದಿಂದ ಬಂದು ನಿಂತಿತು. ಇಳಿದವಳು ಅಣ್ಣನ ಪತ್ನಿ ಮಾಳಲಬ್ಬೆ. ತಾಯಿಯಿಲ್ಲದ ಎಳೆಗೂಸಾಗಿದ್ದ ಕೇತಮಲ್ಲನನ್ನು ಎತ್ತಿ ಆಡಿಸಿದವಳು.

“ಅತ್ತಿಗೆಯವರೇ, ಹಬ್ಬದ ದಿನ ಹಣೆ ಬರಿದೇಕೆ?”

“ಕುಂಕುಮ ಅಳಿಸಿಕೊಂಡೇ ಬಂದೆನಪ್ಪ. ಈಗ ಆಡುವ ಮಾತಿನಿಂದ ಅದು ಹೇಗೂ ಉಳಿಯುವುದಿಲ್ಲ.” ಆಕೆ ದನಿ ತಗ್ಗಿಸಿದಳು. “ಅರಸರ ಎಡಬಲದಲ್ಲಿ ಕುಡುಗೋಲು ಹಿಡಿದ ಇಬ್ಬರು ಒಕ್ಕಲಿಗರಲ್ಲ. ಮೊದಲ ಹಿಡಿ ಕೊಯ್ಯಲು ಅರಸರು ಬಾಗಿದೊಡನೆ ಕೊರಳಿಗೆ ಹಾಕುತ್ತಾರೆ.”

“ಕಳಿಸಿದವರಾರು?”

ಗಂಡನ ಹೆಸರು ಹೇಳುವ ರೂಢಿ ಆಕೆಗಿರಲಿಲ್ಲ. “ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಹಬ್ಬ ತೋರಿಸಿದವರು” ಎಂದಳು.

ಕೇತಮಲ್ಲನ ಕೈ ಖಡ್ಗಕ್ಕೆ ಹೋಗಿ ಹಾಗೇ ನಿಂತಿತು. ಕೂಗಿದರೆ ಘಾತುಕರು ಆ ಕ್ಷಣವೇ ಎರಗುವರು. ಖಡ್ಗ ಹಿರಿದು ಓಡಿದರೆ ಅಣ್ಣನ ಭಟರು ಸಂಪ್ರದಾಯದ ಹೆಸರಿನಲ್ಲೇ ಅವನನ್ನು ಬದುವಿನ ಮೇಲೆ ಕೆಡಹುವರು. ಅವನು ಸೊಂಟದ ಪಟ್ಟಿ ಬಿಚ್ಚಿ ಖಡ್ಗವನ್ನು ಆಕೆಯ ಕೈಗಿತ್ತು, ಪಾದರಕ್ಷೆ ಕಳಚಿ, ಕಾಲಿಗೆರಗಿದನು.

“ಹೋಗಬೇಡವೆನ್ನಲಾರೆ, ಹೋಗೆನ್ನಲೂ ಬಾಯಿ ಬಾರದು” ಎಂದಳು ಮಾಳಲಬ್ಬೆ.

ಭಟನೊಬ್ಬ ಈಟಿ ಅಡ್ಡ ಹಿಡಿದನು. “ದಂಡನಾಯಕರು ಕ್ಷಮಿಸಬೇಕು, ಬದು ದಾಟುವಂತಿಲ್ಲ.”

“ಬರಿಗೈಯಲ್ಲಿದ್ದೇನೆ. ಕದಿರು ಬೇಡುವವನನ್ನು ತಡೆದವರು ಈ ನಾಡಿನಲ್ಲಿ ಇದುವರೆಗೆ ಯಾರೂ ಇಲ್ಲ. ನೀನು ತಡೆಯುವೆಯಾ?”

ಈಟಿ ಮೆಲ್ಲನೆ ಪಕ್ಕಕ್ಕೆ ಸರಿಯಿತು.

ಕೆಸರಿನಲ್ಲಿ ಕಾಲು ಹೂತುಹೋಗುತ್ತಿತ್ತು, ಓಡುವಂತಿರಲಿಲ್ಲ. ಅರಸನು ಪೈರಿಗೆ ಕೈಯಿಟ್ಟಿದ್ದನು. ಕೇತಮಲ್ಲನು ಉತ್ತರೀಯವೊಡ್ಡಿ, “ಪ್ರಭು, ಕದಿರಿನ ಭಿಕ್ಷೆ!” ಎಂದನು.

ಬಾಗಲಿದ್ದ ಅರಸನು ನೆಟ್ಟಗಾಗಿ ನಕ್ಕನು. “ಇದೇನು ಕೇತಮಲ್ಲ, ನಿನಗೂ ಹಸಿವೆಯೇ?”

“ಹೌದು ಪ್ರಭು. ಕೊಯ್ಯುವ ಮುನ್ನ ಎರಡು ಹೆಜ್ಜೆ ಇತ್ತ ಬನ್ನಿ.”

ಅರಸನು ಒಂದು ಹೆಜ್ಜೆ ಇಟ್ಟಿದ್ದನಷ್ಟೆ. ಬಲಗಡೆಯವನ ಕುಡುಗೋಲು ಮೇಲೆದ್ದಿತು. ಕೇತಮಲ್ಲನು ನೆಗೆದು ಅರಸನನ್ನು ತಬ್ಬಿ ತಿರುಗಿಸಿದನು. ಮೊದಲ ಪೆಟ್ಟು ಅವನ ಹೆಗಲನ್ನು, ಎರಡನೆಯದು ಕತ್ತನ್ನು ಸೀಳಿತು. ಮರುಗಳಿಗೆಯಲ್ಲಿ ಒಕ್ಕಲಿಗರು ಮುಗಿಬಿದ್ದು ಘಾತುಕರನ್ನು ಕೆಸರಿಗೆ ಕೆಡವಿದರು.

“ಯಾರು ಮಾಡಿಸಿದ್ದು? ಹೇಳು, ಕೇತಮಲ್ಲ!” ಅರಸನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದನು. ಕೇತಮಲ್ಲನ ತುಟಿಗಳು ಅಲುಗಿದವು. ಆ ಹೆಸರು ಮಾತ್ರ ಹೊರಬರಲಿಲ್ಲ.

ಬದುವಿನ ಮೇಲೆ ಬಾಚಿರಾಜನು ನಿಂತಿದ್ದನು. ಭಟರು ಅವನವರು, ಕುದುರೆ ಸಿದ್ಧವಿತ್ತು, ಓಡಬಹುದಿತ್ತು. ಅವನು ಗದ್ದೆಗೆ ಇಳಿದನು. ಎಡವುತ್ತ ಬಂದು ತಮ್ಮನ ಪಕ್ಕ ಕುಸಿದು, “ನಾನೇ, ಪ್ರಭು. ಹೆಸರು ಹೇಳುವ ಸಂಕಟ ಅವನಿಗೆ ಬೇಡ” ಎಂದನು.

ಕೇತಮಲ್ಲನ ಕಣ್ಣು ಅಣ್ಣನ ಸೊಂಟದಲ್ಲಿ ತೂಗುತ್ತಿದ್ದ ಖಡ್ಗದ ಮೇಲೆ ಬಿದ್ದಿತು. “ಅಣ್ಣಾ... ಅದನ್ನು ಬದುವಿನಾಚೆ ಇಟ್ಟು ಬರಬಾರದಿತ್ತೆ?” ಎಂದನು. ಅದೇ ಅವನ ಕೊನೆಯ ಮಾತು.

ಬಾಚಿರಾಜನಿಗೆ ಮರಣದಂಡನೆಯಾಯಿತು. ಮಾಳಲಬ್ಬೆ ಕ್ಷಮೆ ಬೇಡಲಿಲ್ಲ. ನೆತ್ತರು ಬಿದ್ದ ಪೈರು ಅಮಂಗಳವೆಂದು ಪುರೋಹಿತರು ಹೇಳಿದರೂ ಅರಸನು ಅದನ್ನೇ ಕೊಯ್ದು ಅರಮನೆಯ ಬಾಗಿಲಿಗೆ ಕಟ್ಟಿದನು. ಸೂತಕ ಕಳೆಯುವವರೆಗೆ ನಾಡಿನ ಯಾವ ಮನೆಯಲ್ಲೂ ಹೊಸ ಅಕ್ಕಿ ಬೇಯಲಿಲ್ಲ.

ಸೂತಕ ಕಳೆದ ದಿನ ಅರಸನು ತಾನೇ ಬಾಳೆಯೆಲೆ ಹಾಸಿ, ಹೊಸ ಅನ್ನ ಬಡಿಸಿ, ಮಾಳಲಬ್ಬೆಯ ಮುಂದೆ ಕೈಮುಗಿದು ನಿಂತನು. “ತಾಯೀ, ನೀವು ಉಣ್ಣದೆ ಈ ನಾಡು ಉಣ್ಣದು.”

ಆಕೆ ತುತ್ತು ಎತ್ತಿ ಬಹಳ ಹೊತ್ತು ಹಾಗೇ ಹಿಡಿದಿದ್ದಳು. ಕೊನೆಗೆ ಅರಸನ ಹಸಿದ ಮುಖ ನೋಡಿ, ಕಣ್ಣು ಮುಚ್ಚಿ, ಆ ತುತ್ತನ್ನು ಬಾಯಿಗಿಟ್ಟುಕೊಂಡಳು.